ದೊಡ್ಡಪ್ಪನ ಗೊಜ್ಜಿನ ಮರ

ಹುಳಿ ಮಾವು ಕಚ್ಚಿ ಮುಖ ಹಿಂಡಿದವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಸಿಹಿಯಾಗಿದೆ ಎಂದು ಕಣ್ಣೀರಿಟ್ಟವರನ್ನು ನೋಡಿದ್ದೀರಾ? ನಮ್ಮ ಮನೆಯಲ್ಲೇ ಒಬ್ಬರಿದ್ದರು, ನಮ್ಮ ದೊಡ್ಡಪ್ಪ!

ಬಿಂಡಿಗನವಿಲೆ ಹತ್ತಿರದ ನಮ್ಮ ಹೊಲದ ಬದುವಿನಲ್ಲಿ ಅವರ ತಾತ ನೆಟ್ಟ ಗೊಜ್ಜಿನ ಮಾವಿನ ಮರವಿತ್ತು. ಹಣ್ಣಾದರೂ ಹಸಿರು ಬಿಡದ ಕಾಯಿ. ಗಿಳಿಗಳು ಒಂದೇ ಸಲ ಕುಕ್ಕಿ, ನಮ್ಮನ್ನು ಬೈಯುತ್ತಾ ಹಾರಿಹೋಗುತ್ತಿದ್ದವು. ಕಳ್ಳರೂ ಮುಟ್ಟಿದವರಲ್ಲ! ಆದರೆ ಬೆಲ್ಲ ಹಾಕಿ ಒಲೆಯ ಮೇಲಿಟ್ಟರೆ ಬೆಣ್ಣೆಯ ಹಾಗೆ ಕರಗಿ, ಮನೆಯೆಲ್ಲ ಘಮ್ಮೆನ್ನುತ್ತಿತ್ತು. ದೊಡ್ಡವ್ವನಿಗೆ ಆ ಗೊಜ್ಜೆಂದರೆ ಪ್ರಾಣ. ದೊಡ್ಡಪ್ಪ ಮಾತ್ರ "ಹಲ್ಲೆಲ್ಲ ಜುಂ ಅಂತದೆ ಕಣಮ್ಮಿ" ಎಂದು ತಟ್ಟೆಯ ಅಂಚಿಗೆ ತಳ್ಳುತ್ತಿದ್ದರು.

ದೊಡ್ಡವ್ವ ಹೋದರು. ಅವರ ಹಿಂದೆಯೇ ಮರವೂ ಒಣಗತೊಡಗಿತು. ಆಗ ಶುರುವಾಯಿತು ನೋಡಿ, ದೊಡ್ಡಪ್ಪನ ಹುಚ್ಚು! ಊರೆಲ್ಲ ಬಾದಾಮಿ ಮಾವಿನ ಕಸಿಗಿಡ ಹಾಕುತ್ತಿದ್ದ ತೊಂಬತ್ತರ ದಶಕದಲ್ಲಿ ಇವರು ಆ ಹುಳಿಕಾಯಿಯ ಓಟೆ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಸಾಕಿದರು. ವರ್ಷಗಳು ಕಳೆದು ಗಿಡ ಮೊದಲ ಹಣ್ಣು ಬಿಟ್ಟಿತು. ತಿಂದವರೆಲ್ಲ "ಜೇನು ಕಣಣ್ಣೋ!" ಎಂದು ಚಪ್ಪರಿಸಿದರು. ದೊಡ್ಡಪ್ಪ ಒಂದು ಹೋಳು ಬಾಯಿಗಿಟ್ಟವರೇ ಬದುವಿನ ಮೇಲೆ ಕುಸಿದರು.

"ಸೀ ಆಗ್ಬುಟ್ಟದೆ ಕಣ್ಲಾ..."

ಅವರು ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ನಾವು ಸದ್ದಿಲ್ಲದೆ ಬಾಯಿ ಒರೆಸಿಕೊಂಡೆವು.

ಓಟೆ ನೆಟ್ಟರೆ ತಾಯಿಮರದ ರುಚಿ ಬರುವುದಿಲ್ಲ, ಕಸಿಯೇ ಗತಿ ಎಂದರು ತಿಳಿದವರು. ಕಸಿ ಎಂದರೆ ಒಂದರ ಕಾಲಿಗೆ ಇನ್ನೊಂದರ ತಲೆ ಎಂದು ಜೀವಮಾನವೆಲ್ಲ ನಕ್ಕವರು ನಮ್ಮ ದೊಡ್ಡಪ್ಪ! ಹಳೆಯ ಮರದಲ್ಲಿ ಉಳಿದಿದ್ದ ಒಂದೇ ಹಸಿರು ಕೊಂಬೆಯಿಂದ ಕಡ್ಡಿ ಕೊಯ್ದು, ಒದ್ದೆ ಟವೆಲ್ಲಿನಲ್ಲಿ ಸುತ್ತಿ, ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಪಾಂಡವಪುರದ ಬಸ್ಸು ಹತ್ತಿದರು. ಜೊತೆಗೆ ನಾನು.

"ಏನಜ್ಜೋ, ಅದುಕ್ಕೂ ಟಿಕೀಟಾ?" ಎಂದ ಕಂಡಕ್ಟರು.

"ಅರ್ಧ ಕೊಡಪ್ಪ, ಪಾಪ ಉಸಾರಿಲ್ಲ."

ಸಸಿ ಬೆಳೆಸುವವನು ಕಡ್ಡಿಯ ಕಥೆ ಕೇಳಿ ನಕ್ಕ. "ಈ ಉಳಿ ಯಾಕ್ ಗೌಡ್ರೆ? ಬಾದಾಮಿ ತಕ್ಕೊಂಡೋಗಿ."

"ಬಾದಾಮಿ ನೀನೇ ತಿನ್ನು. ಇದುನ್ನ ಬದುಕ್ಸ್ಕೊಡು."

ಕಟ್ಟಿದ ಮೂರು ಕಸಿಯಲ್ಲಿ ಒಂದು ಬದುಕಿತು. ಅದು ನಾಲ್ಕು ಕಾಯಿ ಬಿಡುವ ಹೊತ್ತಿಗೆ ಹಳೆಯ ಮರ ಸೌದೆಯಾಗಿತ್ತು. ನಮ್ಮವ್ವ ಗೊಜ್ಜು ಮಾಡಿದರು. ದೊಡ್ಡಪ್ಪ ನಾಲಗೆಯ ತುದಿಗೆ ಮುಟ್ಟಿಸಿ, ಮುಖ ಹಿಂಡಿ, "ಅದೇಯ!" ಎಂದರು. ಆಮೇಲೆ ಗೊಜ್ಜನ್ನು ತಟ್ಟೆಯ ಅಂಚಿಗೆ ತಳ್ಳಿ ಬರೀ ಸಾರಿನಲ್ಲಿ ಮುದ್ದೆ ಉಂಡರು!

ನನಗೆ ರೇಗಿತು. "ತಿನ್ನೋದಿಲ್ಲ ಅಂದ್ಮೇಲೆ ಇಷ್ಟ್ ವರ್ಷ ಯಾಕ್ ಒದ್ದಾಡ್ದೆ ದೊಡ್ಡಪ್ಪ?"

"ನಾನ್ ಯಾವತ್ಲಾ ತಿಂದಿದ್ದೆ? ನಿಮ್ ದೊಡ್ಡವ್ವ ನನ್ ತಟ್ಟೇಲಿ ಕೈ ಆಕಿ ತಿನ್ನೋಳು."

ಎಂದವರು, ಗೊಜ್ಜಿದ್ದ ಅಂಚು ಪಕ್ಕದ ಖಾಲಿ ಮಣೆಯ ಕಡೆಗೆ ಬರುವಂತೆ ತಟ್ಟೆಯನ್ನು ಮೆಲ್ಲಗೆ ತಿರುಗಿಸಿದರು.