ಎದುರಂಗಡಿಯ ಕಂಪ್ಯೂಟರ್

ಹಳೆ ಫೋಟೋ ತಿದ್ದುವವನಿಗೆ ನಗೆಪಾಟಲಾಗುವ ಪ್ರಸಂಗಗಳಿಗೇನೂ ಬರವಿಲ್ಲ. ಗೋಕಾಕದಲ್ಲಿ ನಾನು ಇಪ್ಪತ್ತು ವರ್ಷ ಕುಂಚ ಹಿಡಿದೇ ಈ ಕೆಲಸ ಮಾಡಿದವನು. ಎರಡು ಸಾವಿರದ ಇಸವಿಯ ಆಚೀಚೆ ನನ್ನ ಸ್ಟುಡಿಯೋದ ಎದುರಿಗೇ ಇನ್ನೊಬ್ಬ ಸ್ಟುಡಿಯೋ ತೆರೆದು, ಒಳಗೊಂದು ಕಂಪ್ಯೂಟರ್ ಇಟ್ಟ. ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟತೊಡಗಿದರು. ಮುಚ್ಚಿಡುವುದೇನು, ನನಗೆ ಹೊಟ್ಟೆಕಿಚ್ಚು. ಹಠಕ್ಕೆ ಬಿದ್ದು ನಾನೂ ಕಂಪ್ಯೂಟರ್ ತಂದೆ. ಅವನಿಗಿಂತ ನನ್ನ ಕೆಲಸವೇ ಚೆಂದ ಅಂತ ಊರು ಒಪ್ಪಬೇಕು, ನನಗೆ ಬೇಕಾದದ್ದು ಅಷ್ಟೇ.

ಮೀಸೆ

ಕೌಜಲಗಿಯ ರೈತರೊಬ್ಬರು ಅಪ್ಪನ ಫೋಟೋ ತಂದರು. ಇವರು ತೊಟ್ಟಿಲಲ್ಲಿ, ಇವರ ಅಣ್ಣ ಇನ್ನೂ ಅಂಬೆಗಾಲಲ್ಲಿ ಇದ್ದಾಗಲೇ ಅಪ್ಪ ತೀರಿಹೋಗಿದ್ದ. ಫೋಟೋಕ್ಕೆ ಗೆದ್ದಲು ಹತ್ತಿತ್ತು. ಇದನ್ನೇ ಇವರ ಅಣ್ಣ ಮೊದಲು ಎದುರಂಗಡಿಗೆ ಒಯ್ದು, ಹೊಸದು ಮಾಡಿಸಿ ತನ್ನ ಮನೆಯಲ್ಲಿ ತೂಗುಹಾಕಿದ್ದ.

"ಅಣ್ಣನ ಮನ್ಯಾಗ ಅಪ್ಪನ ಮೀಸಿ ಬೆರಳಷ್ಟ ಐತ್ರಿ. ನಮ್ಮ ಮನ್ಯಾಗ ಅದಕ್ಕಿಂತ ಜೋರ್ ಇರಬೇಕ ನೋಡ್ರಿ."

ನನಗೂ ಅದೇ ಬೇಕಿತ್ತು. ಮೂಗಿನ ಕೆಳಗಿನ ಕಪ್ಪನ್ನು ಎಳೆದೆಳೆದು ಕಿವಿಗೆ ಮುಟ್ಟಿಸಿದೆ. ಫೋಟೋ ಒಯ್ಯುವ ದಿನ ಅವರು ತಾಯಿಯನ್ನೂ ಕರೆತಂದರು. ಅದೇ ತಾನೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ಅಜ್ಜಿ ಫೋಟೋ ನೋಡಿದವಳೇ ತಲೆಮೇಲೆ ಸೆರಗು ಎಳೆದುಕೊಂಡಳು.

"ಇಂವ ಯಾರೋ ಪರಗಂಡಸ ಅದಾನ. ನಿಮ್ಮಪ್ಪ ಒಂದ ದಿನಾನೂ ಮೀಸಿ ಬಿಟ್ಟಾಂವಲ್ಲ. ಅದು ಗೆದ್ದಲ ಹತ್ತಿದ ಕಲಿ!"

ಎದುರಿನವನೂ ಆ ಕಲೆಗೇ ಮೀಸೆ ಮಾಡಿದ್ದ ಅಂತ ನನಗೆ ಖುಷಿಯಾಯಿತು. ಆದರೆ ಊರು ಆಡಿಕೊಂಡದ್ದು ನನ್ನನ್ನೇ. ದೊಡ್ಡ ಮೀಸೆ ನನ್ನದಿತ್ತಲ್ಲ.

ಅಕ್ಕ

ಹುಕ್ಕೇರಿಯ ವ್ಯಾಪಾರಿಯೊಬ್ಬರು ತೀರಿಹೋದ ಮೊದಲ ಹೆಂಡತಿಯ ಫೋಟೋ ಕೊಟ್ಟು ಹೋದರು. ಮರುದಿನ ಎರಡನೆಯ ಹೆಂಡತಿ ಒಬ್ಬಳೇ ಬಂದಳು.

"ಅಕ್ಕನ ಫೋಟೋ ಭಾಳ ಚಂದ ಮಾಡಬ್ಯಾಡ್ರಿ. ದಿನಾ ಅದರ ಮುಂದ ನಾ ಅಡ್ಡಾಡಬೇಕು."

ಹೊಟ್ಟೆಕಿಚ್ಚಿನ ಕಷ್ಟ ನನಗೆ ಗೊತ್ತಿಲ್ಲವೇ? ಗಲ್ಲದ ಮೇಲಿನ ಕಲೆಗಳನ್ನು ಹಾಗೇ ಬಿಟ್ಟೆ. ಗಂಡ ಬಂದು ನೋಡಿ, ಸಿಟ್ಟಿನಿಂದ ಫೋಟೋ ಎತ್ತಿಕೊಂಡು ನೇರ ಎದುರಂಗಡಿಗೆ ಹೋದರು. ಅವನ ಕೈಯಲ್ಲಿ ಆಕೆ ಹದಿನೆಂಟರ ಹುಡುಗಿಯಾಗಿ ಹೊರಬಂದಳು.

ವಾರದೊಳಗೆ ಎರಡನೆಯವಳು ಮತ್ತೆ ನನ್ನ ಮುಂದೆ ನಿಂತಳು.

"ನಾ ಹೇಳಿದ್ದು ಚಂದ ಮಾಡಬ್ಯಾಡ್ರಿ ಅಂತ. ಅಲ್ಲಿಗೆ ಕಳಸ್ರಿ ಅಂತ ಹೇಳಿದ್ನೇನ್ರಿ?"

ನಮ್ಮ ಮದುವೆ

ನಮ್ಮ ಮದುವೆಯ ಫೋಟೋ ಮನೆ ಸೋರಿ ಹಾಳಾಗಿತ್ತು. "ನಾಳೆ ಮಾಡತೇನಿ" ಅಂತ ಹೆಂಡತಿಗೆ ಹೇಳುತ್ತಲೇ ಎರಡು ವರ್ಷ ಕಳೆದಿದ್ದೆ. ಒಂದು ಮುಂಜಾನೆ ಅಂಗಡಿ ತೆರೆದು ಕುಂತವನು ಎದುರಿಗೆ ನೋಡಿದೆ. ಅವನ ಗಾಜಿನ ಕಪಾಟಿನಲ್ಲಿ ಎರಡು ದೊಡ್ಡ ಫೋಟೋ. ಎಡಕ್ಕೆ ನೀರು ಕುಡಿದು ಹಾಳಾದದ್ದು, ಬಲಕ್ಕೆ ಹೊಸದು. ಎರಡರಲ್ಲೂ ಬಾಸಿಂಗ ಕಟ್ಟಿಕೊಂಡು ನಾನೇ ನಿಂತಿದ್ದೆ.

ಸಂಜೆಯವರೆಗೆ ನನ್ನ ಮುಖವೇ ನನ್ನನ್ನು ನೋಡಿ ನಗುತ್ತಿತ್ತು. ನಿಡಸೋಸಿಯಿಂದ ಬಂದ ಗಿರಾಕಿ ಅದನ್ನೂ ನನ್ನನ್ನೂ ನೋಡಿ, "ನೀವ ಅಲ್ಲೆ ಮಾಡಸೀರಿ ಅಂದ್ಮ್ಯಾಗ ನಾವೂ ಅಲ್ಲೇ ಹೋಗತೇವಿ ಬಿಡ್ರಿ" ಎಂದು ರಸ್ತೆ ದಾಟಿದ. ಹುಡುಕಿದರೂ ಆ ಕೆಲಸದಲ್ಲಿ ಒಂದು ತಪ್ಪೂ ಸಿಗಲಿಲ್ಲ. ಅದೇ ಹೆಚ್ಚು ಉರಿಯಿತು.

ಮನೆಗೆ ಹೋದವನೇ ಹಾರಾಡಿದೆ. "ಗಂಡನ ಅಂಗಡಿ ಬಿಟ್ಟು ಅವನ ಕಡೆ ಯಾಕ ಕೊಟ್ಟಿ?"

ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ನನ್ನ ಮಾರಿಮ್ಯಾಲೆ ಕಲಿ ಬಿದ್ದಿತ್ತಲ್ರಿ, ನಿಮ್ಮ ಕೈಯಾಗ ಕೊಟ್ಟಿದ್ರ ಇಷ್ಟೊತ್ತಿಗೆ ನನಗೂ ಮೀಸಿ ಬಂದಿರತಿತ್ತು."