ನಾಳೆ ಬೆಳಿಗ್ಗೆವರೆಗೆ ಪ್ರಶ್ನೆ ಇಲ್ಲ

ಪುತ್ತೂರಿನ ದರ್ಬೆಯ ತಿರುಮಲೇಶ್ವರನ ಶನಿವಾರ ಕೆಟ್ಟದ್ದು ಒಂದು ಬೈರಾಸಿನಿಂದ. ಮಿಂದು ಮುಗಿಸಿ, ಬಚ್ಚಲಿನ ಬಾಗಿಲ ಸಂದಿಯಿಂದ ಕೈ ಚಾಚಿ ತಡಕಾಡಿದರೆ ಹಗ್ಗದ ಮೇಲೆ ಮೈಯೊರಸುವ ಬೈರಾಸೇ ಇಲ್ಲ. ಕೆಂಪಂಚಿನ ಬೈರಾಸು ಅದು; ಒಮ್ಮೆ ಅವನೇ ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲೆ ಮರೆತು ಒಂದು ಮೂಲೆ ಸುಟ್ಟಿದ್ದ.

“ಗೋದಾವರಿ, ನನ್ನ ಬೈರಾಸು ಎಲ್ಲುಂಟು?”

“ಹಗ್ಗದಲ್ಲೇ ಇತ್ತಲ್ಲ! ಕಣ್ಣು ಬಿಟ್ಟು ನೋಡಿ.”

ಕಣ್ಣಲ್ಲಿ ಸೋಪಿತ್ತು. ಕೊನೆಗೆ ಕೈಗೆ ಸಿಕ್ಕಿದ ಹಳೇ ಸೀರೆಯ ತುಂಡು ಸುತ್ತಿಕೊಂಡು ಹೊರಗೆ ಬಂದ. ಕಾಂಪೌಂಡಿನ ಆಚೆ ಪಕ್ಕದ ಮನೆಯ ಪೂವಮ್ಮ ತುಳಸಿಗೆ ನೀರು ಹೊಯ್ಯುತ್ತಿದ್ದರು. ತಿರುಮಲೇಶ್ವರನ ಮನೆಯಲ್ಲಿ ಮಾತು ನಡೆಯುವಷ್ಟು ಹೊತ್ತೂ ಆ ತುಳಸಿಗೆ ನೀರು ಬೀಳುತ್ತಲೇ ಇರುತ್ತದೆ.

“ನಿಮ್ಮ ಮಗ ಸುದರ್ಶನ ಅದನ್ನು ಚೀಲಕ್ಕೆ ತುರುಕಿಕೊಂಡು ಹೋದ,” ಎಂದರು ಪೂವಮ್ಮ ಸ್ವರ ತಗ್ಗಿಸಿ. “ಹೇಳುದು ಬೇಡ ಅಂತಲೇ ಇದ್ದೆ. ಕಳೆದ ಶನಿವಾರ ನಾನು ತಂಗಿ ಮನೆಗೆ ಹೋಗುವಾಗ ನೋಡಿದೆ. ಅವ ಕುಂಬ್ರದಲ್ಲಿ ಬಸ್ಸಿಳಿದು ಹಳೇ ಕೋರೆಯ ದಾರಿ ಹಿಡಿದಿದ್ದ. ಶನಿವಾರ ಸ್ಪೆಶಲ್ ಕ್ಲಾಸ್ ಅಂತ ಅಲ್ವಾ ಅವ ಹೇಳಿ ಹೋಗುದು? ಆ ಕ್ಲಾಸ್ ಈಗ ಅಲ್ಲಿ ಉಂಟಾ?”

ತಿರುಮಲೇಶ್ವರನಿಗೆ ಮೈಯೊರಸುವುದೇ ಮರೆತುಹೋಯಿತು. ಮುರಕಲ್ಲು ಕಡಿದು ಕಡಿದು ಬಿಟ್ಟ ದೊಡ್ಡ ಹೊಂಡ ಅದು. ಮಳೆಗಾಲ ಕಳೆದ ಮೇಲೆ ಹಸಿರು ನೀರು ತುಂಬಿಕೊಂಡು ಹುಡುಗರನ್ನು ಕೈಬೀಸಿ ಕರೆಯುತ್ತದೆ. ಅಂಥ ಕೋರೆಗಳಲ್ಲಿ ಹುಡುಗರು ಮುಳುಗಿದ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ಅವನು ಪುಟ ಮಗುಚಿ ಹಾಕುತ್ತಿದ್ದ.

ಅವನ ಕಸುಬು ವಿಮಾ ಏಜೆಂಟನದು. ಗುರುತು ಪರಿಚಯ ಇಲ್ಲದವರ ಜಗಲಿಯಲ್ಲಿ ಕೂತು, ಅವರು ಕೊಟ್ಟ ಚಹಾ ಕುಡಿಯುತ್ತ, ಅವರ ಸಾವಿನ ಬಗ್ಗೆ ನಗುನಗುತ್ತಾ ಮಾತಾಡಬಲ್ಲ. ಮಗನ ಎದುರು ಕೂತರೆ ಮಾತ್ರ ಬಾಯಿಂದ ಬರುವುದು “ಊಟ ಆಯ್ತಾ?” ಎಂಬುದೊಂದೇ.

ಕಳೆದ ವಾರ ಪಿಯು ಕಾಲೇಜಿನಲ್ಲಿ ಹೆತ್ತವರ ಮೀಟಿಂಗ್ ಇತ್ತು. ಮಿಕ್ಸಿ ರಿಪೇರಿಯವನು ಬರುತ್ತಾನೆಂದು ಗೋದಾವರಿ ಮನೆಯಲ್ಲೇ ಉಳಿದಿದ್ದಳು. ಅಲ್ಲಿ ಕೌನ್ಸೆಲರ್ ಮೇಡಂ, “ಮಕ್ಕಳಿಗೆ ಬೈಯಬೇಡಿ. ಎಲ್ಲೇ ಸಿಕ್ಕಿಹಾಕಿಕೊಂಡರೂ ಒಂದು ಫೋನ್ ಮಾಡು, ಬಂದು ಕರೆದುಕೊಂಡು ಹೋಗುತ್ತೇನೆ, ನಾಳೆ ಬೆಳಿಗ್ಗೆವರೆಗೆ ಒಂದೂ ಪ್ರಶ್ನೆ ಕೇಳುವುದಿಲ್ಲ ಅಂತ ಮಾತು ಕೊಡಿ,” ಎಂದಿದ್ದರು. ಉಳಿದ ಅಪ್ಪಂದಿರು ತಂತಮ್ಮ ಚಪ್ಪಲಿ ನೋಡುತ್ತಿದ್ದಾಗ ತಿರುಮಲೇಶ್ವರ ಎದ್ದು ನಿಂತು, “ನಮ್ಮ ಮನೆಯಲ್ಲಿ ಮೊದಲಿಂದಲೂ ಹಾಗೇ ಮೇಡಂ,” ಎಂದುಬಿಟ್ಟಿದ್ದ. ಚಪ್ಪಾಳೆ ಬಿದ್ದಿತ್ತು. ಹೇಳಿದ್ದು ಸುಳ್ಳಾಗಬಾರದೆಂದು ಅದೇ ಸಂಜೆ ಮಗನಿಗೆ ಗಡಿಬಿಡಿಯಲ್ಲಿ ಮಾತು ಕೊಟ್ಟಿದ್ದ. ಮಗ ಮೊಬೈಲಿನಿಂದ ತಲೆ ಎತ್ತದೆ “ಆಯ್ತು” ಎಂದಿದ್ದ.

“ಒಬ್ಬ ಪಾರ್ಟಿಯನ್ನು ನೋಡ್ಲಿಕ್ಕುಂಟು,” ಎಂದು ಗೋದಾವರಿಗೆ ಹೇಳಿ ತಿರುಮಲೇಶ್ವರ ಕುಂಬ್ರದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಭಾಷಣ ಅಭ್ಯಾಸ ಮಾಡಿದ. ‘ನೋಡು ಸುದರ್ಶನ, ನಿನ್ನ ಪ್ರಾಯದಲ್ಲಿ...’ ಎಂದು ಶುರು ಮಾಡಿದರೆ ಮುಂದಕ್ಕೆ ಏನೂ ಹೊಳೆಯಲಿಲ್ಲ. ಆ ಪ್ರಾಯದಲ್ಲಿ ಅವನು ಕೆರೆಯ ದಡದಲ್ಲಿ ಕೂತು ಬೇರೆಯವರ ಅಂಗಿ ಕಾಯುತ್ತಿದ್ದ. ಈಜು ಇವತ್ತಿಗೂ ಬಾರದು. ಮನೆಯಲ್ಲಿ ಬರುತ್ತದೆ ಎಂದೇ ಹೇಳಿಕೊಂಡಿದ್ದಾನೆ.

ಕುಂಬ್ರದಲ್ಲಿ ಇಳಿದವನನ್ನು ಗೂಡ್ಸ್ ರಿಕ್ಷಾದ ಸಾಹುಲ್ ಹಮೀದ್ ತಡೆದ. “ಎಂತ ಸಾರ್, ಈ ಕಡೆ?”

ಮಗನನ್ನು ಹುಡುಕಿಕೊಂಡು ಬಂದೆ ಎಂದರೆ ಪುತ್ತೂರಿಗೆಲ್ಲ ಡಂಗುರ. “ಕಾಂಪೌಂಡಿಗೆ ಕಲ್ಲು ಬೇಕಿತ್ತು. ಕೋರೆ ನೋಡುವ ಅಂತ.”

“ಆ ಕೋರೆ ನಿಂತು ಎಷ್ಟು ಕಾಲ ಆಯ್ತು ಮಾರಾಯ್ರೆ! ನನ್ನ ಭಾವನ ಹತ್ರ ಫಸ್ಟ್ ಕ್ಲಾಸ್ ಕಲ್ಲುಂಟು. ನಿಲ್ಲಿ, ಅವನಿಗೆ ಫೋನ್ ಮಾಡ್ತೇನೆ.”

“ಬೇಡ, ನಾನು ಸುಮ್ಮನೆ ನೋಡುದು,” ಎನ್ನುತ್ತ ತಿರುಮಲೇಶ್ವರ ಓಡುನಡಿಗೆಯಲ್ಲಿ ಕೋರೆಯ ದಾರಿ ಹಿಡಿದ.

ಕೋರೆಯಲ್ಲಿ ನರಪಿಳ್ಳೆ ಇರಲಿಲ್ಲ. ನೀರು ಅಲುಗಾಡದೆ ನಿಂತಿತ್ತು. ಅಂಚಿನ ಕಲ್ಲಿನ ಮೇಲೆ ಕೆಂಪಂಚಿನ ಬೈರಾಸು, ಸುಟ್ಟ ಮೂಲೆ ಮೇಲಾಗಿ ಬಿದ್ದಿತ್ತು.

“ಸುದರ್ಶನಾ!” ಎಂದು ಕೂಗಿದ್ದು ಅವನ ಕಿವಿಗೇ ಯಾರದೋ ಕೂಗಿನಂತೆ ಕೇಳಿಸಿತು. ಬೈರಾಸನ್ನು ಬಾಚಿಕೊಳ್ಳಲು ಓಡಿದ. ಪಾಚಿ ಕಟ್ಟಿದ ಕಲ್ಲು ಅವನ ಚಪ್ಪಲಿಗಾಗಿಯೇ ಕಾದಂತಿತ್ತು. ಜಾರಿ, ಕುಂಡೆಯ ಮೇಲೆ ಕುಳಿತು, ಕೂತಲ್ಲಿಂದ ಮತ್ತೆ ಜಾರಿ ದೊಪ್ಪೆಂದು ನೀರಿಗೆ ಬಿದ್ದು ಮುಳುಗಿ ಎದ್ದ. ದೇವರ ದಯೆ, ಕಲ್ಲು ಕಡಿದ ಒಂದು ಮೆಟ್ಟಿಲು ಕಾಲಿಗೆ ಸಿಕ್ಕಿತು. ಎದೆಮಟ್ಟ ನೀರಿನಲ್ಲಿ ಗೋಡೆಗೆ ಬೆನ್ನು ಒತ್ತಿ ನಿಂತ. ಮುಂದೆ ಒಂದು ಹೆಜ್ಜೆ ಇಟ್ಟರೆ ಎಷ್ಟು ಆಳವೋ ಗೊತ್ತಿಲ್ಲ. ಹಿಂದಿನ ಗೋಡೆ ಹತ್ತಲು ಕೈಗೆ ಏನೂ ಸಿಗುವುದಿಲ್ಲ.

ಮಳೆಗಾಲಕ್ಕೆಂದು ಪ್ಲಾಸ್ಟಿಕ್ ಕವರಿಗೆ ಹಾಕಿದ್ದ ಮೊಬೈಲನ್ನು ಸೋಮಾರಿತನದಿಂದ ಇನ್ನೂ ಹೊರಗೆ ತೆಗೆದಿರಲಿಲ್ಲ. ಕವರಿನ ಮೇಲಿಂದಲೇ ಮಗನ ನಂಬರು ಒತ್ತಿದ. ಎತ್ತಲಿ ದೇವರೇ, ಎಲ್ಲಾದರೂ ಇದ್ದು ಎತ್ತಲಿ.

ಅಲ್ಲೇ ಗೇರು ಪೊದೆಯ ಹಿಂದೆ ಮೊಬೈಲು ರಿಂಗಾಯಿತು.

ಪೊದೆಯಿಂದ ಮೊದಲು ಸುದರ್ಶನನ ಒದ್ದೆ ತಲೆ, ಆಮೇಲೆ ಗೆಳೆಯ ಹರ್ಷಿತನ ಒದ್ದೆ ತಲೆ ಹೊರಬಂದವು. ಅಪ್ಪ ಬರುವುದು ಕಂಡು ಇಬ್ಬರೂ ಅಡಗಿದ್ದರು; ಮುಳುಗಿ ಎದ್ದವನು ಈಜಿ ಬರುತ್ತಾನೆಂದೇ ಕಾದಿದ್ದರು. ಜೀವಂತ ಮಗನನ್ನು ಕಂಡು ತಿರುಮಲೇಶ್ವರನಿಗೆ ಅಳು ಬಂತು. ಮುಖವೆಲ್ಲ ಒದ್ದೆಯಾಗಿದ್ದದ್ದು ಒಳ್ಳೆಯದೇ ಆಯಿತು.

“ಅಪ್ಪಾ! ನಿಲ್ಲಿ, ನಾನು ಇಳೀತೇನೆ!”

“ಇಳಿಯಬೇಡ!” ಎಂದು ಅವನು ಅರಚಿದ್ದು ಕೋರೆಯ ನಾಲ್ಕು ಗೋಡೆಗೂ ಬಡಿಯಿತು. ಬಸ್ಸಿನಲ್ಲಿ ಅಭ್ಯಾಸ ಮಾಡಿದ ಭಾಷಣ ಅಷ್ಟರಲ್ಲಿ ಮುಗಿಯಿತು.

ಹುಡುಗರು ದಡದಲ್ಲಿ ಮಲಗಿ ಬೈರಾಸು ಇಳಿಬಿಟ್ಟು, ಹಲಸಿನಕಾಯಿ ಚೀಲ ಎಳೆದ ಹಾಗೆ ಅವನನ್ನು ಮೇಲೆಳೆದರು.

“ಅಪ್ಪ, ನೀವು ಇಲ್ಲಿಗೆ ಎಂತಕ್ಕೆ ಬಂದದ್ದು? ನಿಮಗೆ ಈಜು ಬರ್ತದಲ್ಲ?”

“ಫೋನ್ ಮಾಡಿದ್ದು ನಾನು. ನಾಳೆ ಬೆಳಿಗ್ಗೆವರೆಗೆ ಪ್ರಶ್ನೆ ಇಲ್ಲ,” ಎಂದ ತಿರುಮಲೇಶ್ವರ ಕೆಮ್ಮುತ್ತ.

ಸುದರ್ಶನ ಬೈರಾಸನ್ನು ಹಿಂಡಿ ಹೆಗಲಿಗೆ ಹಾಕಿದ. “ಹಾಗಾದ್ರೆ ನನಗೂ ಇಲ್ಲ.”

ಏಜೆಂಟನಾಗಿ ಇಷ್ಟು ವರ್ಷದಲ್ಲಿ ಇಂಥ ಬುದ್ಧಿವಂತ ಗಿರಾಕಿ ಅವನಿಗೆ ಸಿಕ್ಕಿರಲಿಲ್ಲ. ಅಪ್ಪ ಮಗ ಗುಡ್ಡದ ದಾರಿ ಹಿಡಿದರು. ಹರ್ಷಿತ್ ಬುದ್ಧಿಯಿಂದ ಹಿಂದೆ ಉಳಿದ.

“ಬೈರಾಸು ಮಾತ್ರ ಕಂಡಾಗ ನನ್ನ ಜೀವ ಹೋಯ್ತು ಮಾರಾಯ,” ಎಂದ ತಿರುಮಲೇಶ್ವರ ನೆಲ ನೋಡುತ್ತ. “ಇದು ಪ್ರಶ್ನೆ ಅಲ್ಲ.”

“ನೀವು ಮುಳುಗಿದಾಗ ನನಗೂ.” ಮಗ ಬೈರಾಸಿನಿಂದ ಮುಖ ಒರೆಸಿಕೊಂಡ. “ಇನ್ನು ನಾನು ಇಲ್ಲಿಗೆ ಬರುದಿಲ್ಲಪ್ಪ. ಅಮ್ಮನಿಗೆ ಮಾತ್ರ ಹೇಳ್ಬೇಡಿ.”

“ನಾನು ಹೇಳುದಾ? ನೀನು ಹೇಳದಿದ್ರೆ ಸಾಕು.”

ಕುಂಬ್ರದಲ್ಲಿ ಸಾಹುಲ್ ಹಮೀದ್ ರಿಕ್ಷಾ ಸಮೇತ ಕಾದಿದ್ದ. ಬೇಡ ಬೇಡವೆಂದರೂ ಕೇಳದೆ ಇಬ್ಬರನ್ನೂ ಹತ್ತಿಸಿಕೊಂಡು, ದರ್ಬೆಯವರೆಗೂ ಭಾವನ ಕಲ್ಲನ್ನು ಹೊಗಳುತ್ತ ಮನೆಯ ಗೇಟಿಗೇ ತಂದು ನಿಲ್ಲಿಸಿದ. ಗೋದಾವರಿ ಗೇಟಿನಲ್ಲೇ ಇದ್ದಳು. ಕಾಂಪೌಂಡಿನ ಆಚೆ ಪೂವಮ್ಮನ ತುಳಸಿಗೆ ಆ ದಿನದ ಎರಡನೇ ಸ್ನಾನ ನಡೆಯುತ್ತಿತ್ತು.

“ಇಬ್ಬರ ತಲೆಯೂ ಎಂತಕ್ಕೆ ಒದ್ದೆ? ಬೈರಾಸಿಗೆ ಎಂತ ಕೆಸರು ಅದು?”

“ಸಾರ್ ಕಲ್ಲು ನೋಡ್ಲಿಕ್ಕೆ ಸೀದಾ ಕೋರೆಗೇ ಇಳಿದದ್ದಮ್ಮ,” ಎಂದ ಸಾಹುಲ್ ಹಮೀದ್ ಮೆಚ್ಚಿಕೆಯಿಂದ. “ಅಷ್ಟು ನಿಗಾ ಯಾರಿಗುಂಟು? ಲೋಡು ನಾಡಿದ್ದು ತರುದಾ?”

ಗೋದಾವರಿ ಗಂಡನನ್ನು ನೋಡಿದಳು, ಮಗನನ್ನು ನೋಡಿದಳು. “ಕೋರೆಗಾ?”

“ನಾಳೆ ಬೆಳಿಗ್ಗೆವರೆಗೆ ಪ್ರಶ್ನೆ ಕೇಳುವ ಹಾಗಿಲ್ಲ,” ಎಂದರು ಅಪ್ಪ ಮಗ ಒಂದೇ ಸ್ವರದಲ್ಲಿ.

“ಯಾರು ಹೇಳಿದ್ದು?”

“ಕಾಲೇಜಿನ ಮೀಟಿಂಗಿನಲ್ಲಿ ಮೇಡಂ...” ಎಂದ ತಿರುಮಲೇಶ್ವರ.

ಗೋದಾವರಿ ಇಬ್ಬರನ್ನೂ ಒಳಗೆ ಬಿಟ್ಟು ಗೇಟಿನ ಚಿಲಕ ಹಾಕಿದಳು.

“ಆ ಮೀಟಿಂಗಿಗೆ ನಾನು ಬಂದಿರ್ಲಿಲ್ಲ. ಕೂತ್ಕೊಳ್ಳಿ ಇಬ್ರೂ. ಮೊದಲು ಅಪ್ಪ ಹೇಳ್ಲಿ.”