ನಮ್ಮ ಬಾವಿಯ ನಕ್ಷತ್ರ

ನಮ್ಮ ಸೋದರಮಾವನಿಗೆ ಹುಚ್ಚು ಎಂದು ಅಂಕೋಲೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವಾದರೂ ಏನಿತ್ತು! ಹಾಡುಹಗಲಲ್ಲಿ ಬಗಲಲ್ಲಿ ಕೊಡೆ ಸಿಕ್ಕಿಸಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದು, ನಮ್ಮ ಬಾವಿಗೆ ಇಳಿದ ಮಹಾಶಯ ಅವನು.

ಎಲ್ಲಕ್ಕೂ ಮೂಲ ಕಾರವಾರದಿಂದ ತಂದ ಒಂದು ಹಳೆಯ ಮಾಸಪತ್ರಿಕೆ. ನಕ್ಷತ್ರವೊಂದು ಕುಸಿದು ಕುಸಿದು ವಿಪರೀತ ಭಾರವಾದರೆ ಅದರ ಬೆಳಕೂ ಹೊರಗೆ ಬರಲಾರದು ಎಂದು ಯಾರೋ ಪಂಡಿತರು ಬರೆದಿದ್ದರಂತೆ. ಓದಿದವರು ಪತ್ರಿಕೆ ಮಡಚಿಟ್ಟು ಊಟಕ್ಕೆ ಏಳಬೇಕು ತಾನೆ? ಮಾವ ಸಿಕ್ಕಸಿಕ್ಕವರನ್ನೆಲ್ಲ ಕೇಳತೊಡಗಿದ: "ಅದರೊಳಗೆ ಬಿದ್ದವನಿಗೆ ಎಂತ ಕಾಣ್ತದೆ?"

"ಬಿದ್ದವನೇ ಹೇಳ್ಬೇಕು ಒಡೆಯಾ. ನಿಮಗೆ ಬಂಗಡೆ ಬೇಕೋ ಬೇಡವೋ ಹೇಳಿ!" ಎಂದಳು ಮೀನು ಮಾರುವವಳು.

ನಕ್ಷತ್ರ ಕೈಗೆಟುಕದ್ದರಿಂದ ನಮ್ಮ ಬಾವಿಗೇ ಬಿದ್ದು ನೋಡುವುದೆಂದು ಮಾವ ನಿಶ್ಚಯಿಸಿದ. ಕೊಡೆ ಎಂತಕ್ಕೆ ಎಂದರೆ, "ಅಲ್ಲಿಯ ಹವೆ ಹೇಗೋ ಯಾರಿಗೆ ಗೊತ್ತು?" ಎಂದ. ನೆರೆಯವರು ಹಗ್ಗ ಬಿಡುತ್ತ ಹೋದರು. ಕೆಳಗಿನಿಂದ ವರದಿ ಬಂತು: "ಆಕಾಶ ಮೊರದಷ್ಟಾಯ್ತು! ಈಗ ಹಪ್ಪಳದಷ್ಟು!" ಆಮೇಲೆ ಬರೀ ಗುಂಯ್ ಎಂಬ ಸದ್ದು, ಕೊನೆಗೊಂದು ಧುಡುಂ!

ಅದು ಉಪ್ಪಿನ ಗಲಾಟೆಯ ಕಾಲ. ಸಮುದ್ರದ ನೀರು ಕಾಯಿಸಿ ಉಪ್ಪು ಮಾಡಿದ್ದಕ್ಕೆ ನಮ್ಮ ಅಪ್ಪ ಜೈಲಿನಲ್ಲಿದ್ದ. ಗದ್ದಲ ಕೇಳಿ ಪೊಲೀಸಿನವನು ಓಡಿಬಂದ.

"ಬಾವಿಯೊಳಗೆ ಎಂತ ಅಡಗಿಸಿಟ್ಟೀರಿ?"

"ನಕ್ಷತ್ರ," ಎಂದ ಮಾವ, ಆಗಷ್ಟೇ ಮೇಲೆ ಬಂದವನು.

ಪೊಲೀಸಿನವನು ಒಂದು ಕೊಡ ನೀರು ಸೇದಿಸಿ, ಬೊಗಸೆಯಲ್ಲಿ ಹಿಡಿದು ನೆಕ್ಕಿ ನೋಡಿದ. "ಸಪ್ಪೆ," ಎಂದು ಮುಖ ಸಣ್ಣದು ಮಾಡಿಕೊಂಡು ಹೋದ.

ಅಪ್ಪ ಜೈಲಿಗೆ ಹೋದ ಮೇಲೆ ಆಯಿ, ನಮ್ಮ ಅಮ್ಮ, ನಕ್ಕದ್ದು ಅಂದೇ ಮೊದಲು. ತಿಂಗಳುಗಟ್ಟಲೆ ಅವನ ಸುದ್ದಿಯೇ ಇರಲಿಲ್ಲ. ಇದ್ದಾನೋ ಇಲ್ಲವೋ, ನಮ್ಮ ನೆನಪಾದರೂ ಇದೆಯೋ? ಬಾವಿಕಟ್ಟೆಯ ಅಬ್ಬಲಿಗೆ ಹೂ ಗಿಡದಲ್ಲೇ ಬಾಡುತ್ತಿತ್ತು. "ಮುಡಿದರೆ ನೋಡುವವರು ಯಾರು?" ಎನ್ನುತ್ತಿದ್ದಳು ಆಯಿ.

ತೊಟತೊಟ ನೀರು ಸುರಿಸುತ್ತ ನಿಂತಿದ್ದ ಮಾವ ಕೇಳಿದ, "ತಂಗೀ, ತಳದಿಂದ ನಾನು ಕೂಗಿದ್ದು ಕೇಳ್ತೋ?"

"ಇಲ್ಲ ಅಣ್ಣಾ. ಬರೀ ಗುಂಯ್ ಅಂತಿತ್ತು."

"ಆದ್ರೆ ಬಗ್ಗಿ ನೋಡ್ತಿದ್ದ ನಿನ್ನ ಮುಖ ನನಗೆ ಕಡೇತನಕ ಕಾಣ್ತಿತ್ತು. ಒಳಗಿನದು ಹೊರಗೆ ಬರ್ಲಿಕ್ಕಿಲ್ಲ ಮಾರಾಯ್ತಿ. ಹೊರಗಿನ ಬೆಳಕು ಒಳಗೆ ಹೋಗೇ ಹೋಗ್ತದೆ. ಜೈಲಾದ್ರೂ ಅಷ್ಟೇ, ಅದನ್ನ ತಡೆಯೋ ಪೊಲೀಸ ಹುಟ್ಟಲಿಲ್ಲ."

 ಮರುದಿನ ಬೆಳಿಗ್ಗೆ ಆಯಿ ಅಬ್ಬಲಿಗೆ ಕೊಯ್ದು, ದಂಡೆ ಕಟ್ಟಿ ಮುಡಿದಳು. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪ ಬಂದ. ಸೊರಗಿ ಹೋಗಿದ್ದ. ಕಾಲಿಗೆ ನೀರು ಹಾಕಿಕೊಳ್ಳಲೂ ಬಿಡದೆ ಮಾವ ಮುನ್ನುಗ್ಗಿದ.

"ಭಾವಾ, ಒಳಗಿಂದ ಎಂತ ಕಾಣ್ತಿತ್ತು?"

ಅಪ್ಪ ಬಾಗಿಲಲ್ಲಿ ನಿಂತಿದ್ದ ಆಯಿಯನ್ನೇ ನೋಡುತ್ತ ಹೇಳಿದ:

"ಅಬ್ಬಲಿಗೆ."